ಚೀಟಿ ಎತ್ತಿ ನೋಡಿದ ಕಣಜ

ನನ್ನ ಅಜ್ಜನ ಮನೆಯ ದೇವರ ಕೋಣೆಯ ಬಾಗಿಲಿನ ಮೇಲೆ ಕುಂಬಾರ ಹುಳ ಗೂಡು ಕಟ್ಟುತ್ತಿತ್ತು. ಗೋಲಿ ಗಾತ್ರದ ಮಣ್ಣಿನ ಮಡಕೆ, ಅದಕ್ಕೊಂದು ಹೊರಕ್ಕೆ ಮಡಿಚಿದ ಪುಟ್ಟ ಬಾಯಿ. ತಿಗರಿ ಇಲ್ಲದೆ, ಬರೀ ಬಾಯಿ ಮತ್ತು ಮುಂಗಾಲುಗಳಿಂದ ಅಷ್ಟು ದುಂಡಗಿನ ಪಾತ್ರೆಯನ್ನು ಎಬ್ಬಿಸುವುದನ್ನು ನೋಡುತ್ತ ಬೇಸಿಗೆ ರಜೆಯ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಅಜ್ಜ ಆ ಗೂಡನ್ನು ಒಡೆಯಲು ಯಾರಿಗೂ ಬಿಡುತ್ತಿರಲಿಲ್ಲ. "ಅದು ಹಸಿರು ಹುಳವನ್ನು ತಂದು ಒಳಗೆ ಕೂಡಿಹಾಕುತ್ತದೆ, ಪುಟ್ಟಿ. ಹೊರಗೆ ಕುಳಿತು ಗುಂಯ್ ಎನ್ನುತ್ತದೆ. ಒಳಗಿನ ಹುಳ ಹೆದರಿ ಹೆದರಿ, ಅದನ್ನೇ ನೆನೆದು ನೆನೆದು, ಕೊನೆಗೆ ಅದೇ ಆಗಿಬಿಡುತ್ತದೆ" ಎನ್ನುತ್ತಿದ್ದರು. ಭ್ರಮರ-ಕೀಟ ನ್ಯಾಯ ಎಂದರೆ ಇದೇ. ದೇವರನ್ನು ಬಿಡದೆ ನೆನೆಯುವವನು ದೇವರೇ ಆಗುತ್ತಾನೆ ಎಂದು ಹೇಳಲು ಹಿರಿಯರು ಹಿಡಿದ ಹೋಲಿಕೆ.

ಹತ್ತನೆಯ ವಯಸ್ಸಿನಲ್ಲಿ, ಅಜ್ಜ ಪೇಟೆಗೆ ಹೋಗಿದ್ದ ಒಂದು ದಿನ, ಸ್ಟೂಲು ಹತ್ತಿ ಅಮ್ಮನ ಹೇರ್‌ಪಿನ್ನಿನಿಂದ ಒಂದು ಮಡಕೆಯ ಬದಿಯನ್ನು ಕೆರೆದು ತೆರೆದೆ. ಒಳಗೆ ಹಸಿರು ಹುಳಗಳು ಒತ್ತೊತ್ತಾಗಿ ತುಂಬಿದ್ದವು. ಮುಟ್ಟಿದರೆ ಸಣ್ಣಗೆ ಅಲುಗುತ್ತಿದ್ದವು, ಆದರೆ ತೆವಳಲಾರದಷ್ಟು ಸೋತಿದ್ದವು. ಅವುಗಳ ನಡುವೆ ಹಳದಿ ಛಾಯೆಯ ಬೇರೊಂದು ಮರಿ, ಕಾಲಿಲ್ಲದ್ದು, ಒಂದು ಹಸಿರು ಹುಳದ ಮೈಗೆ ಬಾಯಿ ಹಚ್ಚಿ ಕುಳಿತಿತ್ತು. ಯಾವ ಹುಳವೂ ಏನನ್ನೂ ನೆನೆಯುತ್ತಿರಲಿಲ್ಲ. ಒಂದು ಇನ್ನೊಂದನ್ನು ತಿನ್ನುತ್ತಿತ್ತು.

ಸಂಜೆ ಅಜ್ಜನಿಗೆ ಹೇಳಿದೆ. ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ಅವರು ಸ್ಟೂಲು ತರಿಸಿಕೊಂಡು, ಕನ್ನಡಕ ಹಾಕಿಕೊಂಡು, ಒಡೆದ ಗೂಡಿನೊಳಗೆ ಬಹಳ ಹೊತ್ತು ನೋಡಿದರು. "ಹೌದಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಂದನ್ನು ಒಡೆಯಬೇಡ. ಒಂದರಿಂದ ತಿಳಿಯಿತಲ್ಲ" ಎಂದರು.

ಆ ಎರಡು ಮಾತುಗಳನ್ನು ನಾನು ಮರೆತಿಲ್ಲ. ಮೂವತ್ತು ವರ್ಷಗಳ ನಂತರ, ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುವವಳಾಗಿ, ಹಿರಿಯರ ತಪ್ಪು ಎಲ್ಲಿತ್ತು ಎಂದು ಯೋಚಿಸಿದಾಗಲೆಲ್ಲ ಅವರ ಕಣ್ಣಿನಲ್ಲಿ ತಪ್ಪು ಸಿಗುವುದಿಲ್ಲ. ಹಸಿರು ಹುಳ ಒಳಗೆ ಹೋಯಿತು: ನಿಜ. ಬಾಯಿ ಮುಚ್ಚಿತು: ನಿಜ. ಮಣ್ಣು ಮೆತ್ತುವಾಗ ಗುಂಯ್ ಎಂದಿತು: ಅದೂ ನಿಜ. ದಿನಗಳು ಕಳೆದು ಗೂಡು ಒಡೆದಾಗ ಹೊರಬಂದದ್ದು ಕುಂಬಾರ ಹುಳವೇ. ಕಂಡದ್ದೆಲ್ಲ ಸರಿಯಾಗಿಯೇ ಕಂಡಿದೆ. ನಡುವಿನ ದಿನಗಳಲ್ಲಿ ಒಂದು ಸಲ ತೆರೆದು ನೋಡುವುದಷ್ಟೇ ಬಾಕಿಯಿತ್ತು. ತಾಯಿ ಹುಳ ಮೊದಲು ಒಂದು ಮೊಟ್ಟೆ ಇಟ್ಟು, ಆಮೇಲೆ ಕುಟುಕಿ ನಿಶ್ಚಲಗೊಳಿಸಿದ ಹುಳಗಳನ್ನು ತುಂಬಿ, ಮಗುವಿಗೆ ಬುತ್ತಿ ಕಟ್ಟಿಟ್ಟು ಹೋಗುತ್ತದೆ. ಕಾಣದ ಆ ಕೆಲವು ದಿನಗಳನ್ನು ನಾವು ಕಥೆಯಿಂದ ತುಂಬಿಕೊಂಡೆವು. ಭಕ್ತಿಯ ಹೋಲಿಕೆಯಾಗಿ ಆ ಕಥೆ ನನಗೆ ಈಗಲೂ ಇಷ್ಟ. ಹುಳದ ವಿಷಯವಾಗಿ ಮಾತ್ರ ಅದು ಸುಳ್ಳು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಹೊಸ ಕೋಣೆ ಕಟ್ಟಲು ಮರಳು ತಂದು ಸುರಿದಿದ್ದರು. ಕೆಲಸ ನಿಂತಿತು, ಮರಳಿನ ರಾಶಿ ಮಳೆಗಾಲ ಕಳೆದು ಹಾಗೇ ಉಳಿಯಿತು. ಅಕ್ಟೋಬರ್‌ನ ಬಿಸಿಲು ಬಿದ್ದಾಗ ಅಲ್ಲಿ ಸೊಂಟ ಸಣ್ಣಗಿನ ಕಪ್ಪು ಕಣಜಗಳು ಬಿಲ ತೋಡಲು ಶುರು ಮಾಡಿದವು. (ನಮ್ಮ ಕಡೆ ಕಾಳು ತುಂಬುವ ಕಣಜಕ್ಕೂ ಕುಟುಕುವ ಕಣಜಕ್ಕೂ ಒಂದೇ ಹೆಸರು. ಮಕ್ಕಳು ಇದರಿಂದ ಎಂದೂ ಗಲಿಬಿಲಿಗೊಂಡಿಲ್ಲ.) ಒಂದೊಂದು ಕಣಜವೂ ಹಸಿರು ಮಿಡತೆಯನ್ನು ಹೊಟ್ಟೆಯ ಕೆಳಗೆ ಅವುಚಿಕೊಂಡು ಬಂದು, ನಮ್ಮ ಕಣ್ಣಿಗೆ ಎಲ್ಲ ಕಡೆ ಒಂದೇ ರೀತಿ ಕಾಣುವ ಮರಳಿನಲ್ಲಿ ತನ್ನ ಬಿಲದ ಬಾಯಿಯ ಮೇಲೇ ಇಳಿಯುತ್ತಿತ್ತು. "ಇದಕ್ಕೆ ದಾರಿ ಹೇಗೆ ಗೊತ್ತಾಗುತ್ತದೆ?" ಎಂದು ಮಕ್ಕಳನ್ನು ಕೇಳಿದೆ. ಹತ್ತು ಉತ್ತರಗಳು ಬಂದವು. ಎಲ್ಲವೂ ನನ್ನ ಮುಖ ನೋಡಿ ಹೇಳಿದವು.

ಡಚ್ ವಿಜ್ಞಾನಿ ನಿಕೋ ಟಿನ್‌ಬರ್ಗನ್ 1929ರ ಬೇಸಿಗೆಯಲ್ಲಿ ನೆದರ್‌ಲ್ಯಾಂಡ್ಸ್‌ನ ಹುಲ್ಸ್‌ಹೋರ್ಸ್ಟ್ ಬಳಿಯ ಮರಳು ಬಯಲಿನಲ್ಲಿ ಇದೇ ಪ್ರಶ್ನೆಯನ್ನು ಜೇನ್ನೊಣ ಬೇಟೆಯಾಡುವ ಒಂದು ಕಣಜಕ್ಕೆ ಕೇಳಿದ್ದರು. ಕಣಜ ಬಿಲದೊಳಗೆ ಇರುವಾಗ ಬಾಯಿಯ ಸುತ್ತ ಪೈನ್ ಮರದ ಕಾಯಿಗಳನ್ನು ಉಂಗುರದ ಹಾಗೆ ಜೋಡಿಸಿದರು. ಹೊರಬಂದ ಕಣಜ ಒಂದೆರಡು ಸುತ್ತು ಹಾರಿ, ನೆಲವನ್ನು ನೋಡಿಕೊಂಡು ಹೋಯಿತು. ಅದು ಮರಳುವುದರೊಳಗೆ ಉಂಗುರವನ್ನು ಪಕ್ಕಕ್ಕೆ ಸರಿಸಿದರು. ಬೇಟೆ ಹೊತ್ತು ಬಂದ ಕಣಜ ಬರಿದಾದ ಉಂಗುರದ ನಡುವೆ ಇಳಿದು ಬಿಲ ಹುಡುಕಿತು. ನಿಜವಾದ ಬಿಲ ಅಡಿಯಷ್ಟೇ ದೂರದಲ್ಲಿ ಬಾಯಿ ತೆರೆದುಕೊಂಡಿತ್ತು. ಇಷ್ಟೇ ಪ್ರಯೋಗ. ಕೈಗೆ ಸಿಗುವ ಕಾಯಿ, ಕಾಯುವ ತಾಳ್ಮೆ. 1973ರಲ್ಲಿ ಕೊನ್ರಾಡ್ ಲೊರೆಂಟ್ಸ್ ಮತ್ತು ಕಾರ್ಲ್ ಫಾನ್ ಫ್ರಿಷ್ ಜೊತೆ ಅವರಿಗೆ ನೊಬೆಲ್ ಬಂದಾಗ, ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡುವುದು ಒಂದು ಗಂಭೀರ ವಿಜ್ಞಾನ ಎಂದು ಲೋಕ ಒಪ್ಪಿದ ಹಾಗಾಯಿತು.

ನಮ್ಮಲ್ಲಿ ಪೈನ್ ಕಾಯಿ ಎಲ್ಲಿಂದ ಬರಬೇಕು? ಒಬ್ಬ ಹುಡುಗ ಮನೆಯಿಂದ ಚೀಲದಲ್ಲಿ ಸಿಪ್ಪೆಗೋಟು, ಅಂದರೆ ಸಿಪ್ಪೆ ಸಮೇತ ಒಣಗಿದ ಅಡಿಕೆ, ತಂದ. ಹನ್ನೆರಡು ಸಿಪ್ಪೆಗೋಟುಗಳನ್ನು ಒಂದು ಬಿಲದ ಸುತ್ತ ಇಟ್ಟೆವು. ಎರಡು ದಿನ ಹಾಗೇ ಬಿಟ್ಟು ಕಣಜಕ್ಕೆ ಅಭ್ಯಾಸ ಮಾಡಿಸಿದೆವು. ಶನಿವಾರ ಶಾಲೆ ಬಿಟ್ಟ ಮೇಲೆ, ಅದು ಹೊರಗೆ ಹೋದ ಹೊತ್ತಿನಲ್ಲಿ ಉಂಗುರವನ್ನು ಒಂದು ಗೇಣು ಎಡಕ್ಕೆ ಸರಿಸಿ ಕಾದೆವು. ಮುಕ್ಕಾಲು ಗಂಟೆ. ಮಕ್ಕಳು ಅಷ್ಟು ಹೊತ್ತು ಸದ್ದಿಲ್ಲದೆ ಕುಳಿತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಮಿಡತೆ ಹೊತ್ತು ಬಂದ ಕಣಜ ನೇರವಾಗಿ ಅಡಿಕೆಯ ನಡುವೆ ಇಳಿಯಿತು. ಮಿಡತೆಯನ್ನು ಕೆಳಗಿಟ್ಟು ಮರಳು ಕೆರೆಯಿತು. ಮೇಲೆದ್ದು ಹಾರಿ, ಮತ್ತೆ ಬಂದು, ಮತ್ತೆ ಅಲ್ಲೇ ಇಳಿಯಿತು. ನಾವು ಉಂಗುರವನ್ನು ಹಿಂದಕ್ಕೆ ಇಟ್ಟ ಮೇಲೆಯೇ ಅದಕ್ಕೆ ಮನೆ ಸಿಕ್ಕಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಕೊನೆಯ ಬೆಂಚಿನಲ್ಲಿ ಕೂರುವ, ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು: "ಮೇಡಂ, ಅದು ಅಡಿಕೆಯನ್ನು ನೋಡಿ ಬಂತೋ, ವಾಸನೆ ಹಿಡಿದು ಬಂತೋ?"

ಇಪ್ಪತ್ತು ವರ್ಷಗಳ ಪಾಠದಲ್ಲಿ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಪ್ರಶ್ನೆಗಳಲ್ಲಿ ಅದೊಂದು. ಟಿನ್‌ಬರ್ಗನ್ ಕೂಡ ಇದನ್ನೇ ಕೇಳಿಕೊಂಡಿದ್ದರು. ಪೈನ್ ಎಣ್ಣೆ ಸವರಿದ ರಟ್ಟನ್ನು ಒಂದು ಕಡೆ, ವಾಸನೆ ಇಲ್ಲದ ಕಾಯಿಗಳನ್ನು ಇನ್ನೊಂದು ಕಡೆ ಇಟ್ಟು ನೋಡಿದ್ದರು. ಕಣಜ ಕಾಯಿಗಳ ಕಡೆಗೇ ಹೋಯಿತು. ಆಮೇಲೆ ಕಾಯಿಗಳನ್ನು ತ್ರಿಕೋನವಾಗಿಯೂ ಕಲ್ಲುಗಳನ್ನು ಉಂಗುರವಾಗಿಯೂ ಜೋಡಿಸಿದರೆ ಕಣಜ ಕಲ್ಲಿನ ಉಂಗುರವನ್ನು ಆರಿಸಿತು. ಅಂದರೆ ಅದು ನೆನಪಿಟ್ಟುಕೊಂಡದ್ದು ಕಾಯಿಯನ್ನಲ್ಲ, ಆಕಾರವನ್ನು. ಇದನ್ನು ನಾನು ಆ ಹುಡುಗಿಗೆ ಹೇಳಲಿಲ್ಲ. "ನೀನೇ ಯೋಚಿಸಿ ಹೇಳು, ಏನು ಮಾಡಿದರೆ ಗೊತ್ತಾಗುತ್ತದೆ?" ಎಂದೆ. ಸೋಮವಾರ ಅವಳು ಹೊಳೆಯ ದಂಡೆಯಿಂದ ಅಡಿಕೆ ಗಾತ್ರದ ಹನ್ನೆರಡು ಕಲ್ಲುಗಳನ್ನು ಲಂಗದ ಮಡಿಲಲ್ಲಿ ಹೊತ್ತು ತಂದಳು.

ಇಲ್ಲಿ ಇನ್ನೊಬ್ಬ ಮೇಷ್ಟ್ರನ್ನು ನೆನೆಯಬೇಕು. ಟಿನ್‌ಬರ್ಗನ್‌ಗಿಂತ ಎರಡು ದಶಕ ಮೊದಲೇ, 1908ರಲ್ಲಿ, ನೆಲದಲ್ಲಿ ಬಿಲ ತೋಡುವ ದುಂಬಿಯಂಥ ಜೇನೊಂದು ತನ್ನ ಬಿಲವನ್ನು ಸುತ್ತಲಿನ ಗುರುತುಗಳಿಂದ ಪತ್ತೆ ಹಚ್ಚುತ್ತದೆ ಎಂದು ತೋರಿಸಿದವರು ಅಮೆರಿಕದ ಚಾರ್ಲ್ಸ್ ಹೆನ್ರಿ ಟರ್ನರ್. ಅವರು ಗುರುತಾಗಿ ಬಳಸಿದ್ದರಲ್ಲಿ ಕೋಕಾ-ಕೋಲಾ ಬಾಟಲಿಯ ಮುಚ್ಚಳವೂ ಒಂದು. 1867ರಲ್ಲಿ ಹುಟ್ಟಿದ ಕಪ್ಪು ಜನಾಂಗದ ಈ ಮನುಷ್ಯ 1907ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಆದರೂ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಲಿಲ್ಲ. ಸೇಂಟ್ ಲೂಯಿಸ್‌ನ ಸಮ್ನರ್ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಲೇ, ಊರಿನ ಉದ್ಯಾನಕ್ಕೆ ಬಣ್ಣದ ರಟ್ಟುಗಳನ್ನು ಒಯ್ದು ಜೇನ್ನೊಣಗಳಿಗೆ ಬಣ್ಣ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸಿದರು. ಎಪ್ಪತ್ತರಷ್ಟು ಪ್ರಬಂಧಗಳನ್ನು ಬರೆದರು. ಪ್ರಯೋಗಾಲಯವಿಲ್ಲ, ಸಹಾಯಕರಿಲ್ಲ, ದಿನವಿಡೀ ತರಗತಿಗಳು. ಅವರಿಗೆ ಆದ ಅನ್ಯಾಯವನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಅವರ ಕೆಲಸವನ್ನು ನೆನೆದರೆ, ನಮ್ಮ ಶಾಲೆಯ ಮರಳಿನ ರಾಶಿಯೂ ಸಾಕು ಎಂಬ ಧೈರ್ಯ ಬರುತ್ತದೆ.

ಫ್ರಾನ್ಸ್‌ನ ಝಾನ್ ಹೆನ್ರಿ ಫಾಬ್ರ್ ಕೂಡ ಶಾಲಾ ಮೇಷ್ಟ್ರೇ. ಮಿಡತೆ-ಚಿಮ್ಮಂಡೆಗಳನ್ನು ಹಿಡಿಯುವ ಕಣಜಗಳನ್ನು ಅವರಷ್ಟು ಪ್ರೀತಿಯಿಂದ ನೋಡಿದವರು ವಿರಳ. ಅವರು ನೋಡಿದ ಕಣಜ ತಾನು ತಂದ ಚಿಮ್ಮಂಡೆಯನ್ನು ಬಿಲದ ಬಾಯಿಯಲ್ಲಿ ಇಟ್ಟು, ಒಳಗೆ ಹೋಗಿ ಎಲ್ಲ ಸರಿಯಿದೆಯೇ ಎಂದು ನೋಡಿ ಬಂದು, ಆಮೇಲೆ ಅದನ್ನು ಎಳೆದುಕೊಳ್ಳುತ್ತಿತ್ತು. ಅದು ಒಳಗಿರುವಾಗ ಫಾಬ್ರ್ ಚಿಮ್ಮಂಡೆಯನ್ನು ಸ್ವಲ್ಪ ದೂರಕ್ಕೆ ಸರಿಸಿದರು. ಕಣಜ ಮತ್ತೆ ಅದನ್ನು ಬಾಯಿಯವರೆಗೆ ತಂದಿಟ್ಟು, ಮತ್ತೆ ಒಳಗೆ ನೋಡಲು ಹೋಯಿತು. ಮತ್ತೆ ಸರಿಸಿದರು. ಹೀಗೆ ನಲವತ್ತು ಸಲ. ಕೀಟ ಎಂದರೆ ಯಂತ್ರ, ಅದಕ್ಕೆ ಬುದ್ಧಿಯಿಲ್ಲ ಎನ್ನಲು ಈ ಕಥೆಯನ್ನು ಬಹಳ ಜನ ಬಳಸಿದ್ದಾರೆ. ಅವರು ಬಿಟ್ಟುಬಿಡುವ ಸಂಗತಿಯನ್ನು ಫಾಬ್ರ್ ಮಾತ್ರ ಬಿಡಲಿಲ್ಲ. ಇನ್ನೊಂದು ಕಡೆ ನೆಲೆಸಿದ್ದ ಅದೇ ಜಾತಿಯ ಕಣಜಗಳ ಮೇಲೆ ಈ ಪ್ರಯೋಗವನ್ನು ಮಾಡಿದಾಗ, ಎರಡು ಮೂರು ಸಲದ ನಂತರ ಕಣಜ ಒಳಗೆ ಹೋಗಿ ನೋಡುವುದನ್ನು ಬಿಟ್ಟು, ಚಿಮ್ಮಂಡೆಯನ್ನು ನೇರವಾಗಿ ಎಳೆದುಕೊಂಡು ಹೋಯಿತು. ತಮ್ಮ ವಾದಕ್ಕೆ ಒಗ್ಗದ ಈ ಸಂಗತಿಯನ್ನೂ ಅವರು ಬರೆದಿಟ್ಟರು. ನನ್ನ ಮಟ್ಟಿಗೆ ಫಾಬ್ರ್ ದೊಡ್ಡವರಾದದ್ದು ಆ ಎರಡನೆಯ ಟಿಪ್ಪಣಿಯಿಂದ.

ನಮ್ಮ ಕಲ್ಲಿನ ಪ್ರಯೋಗ ಮೊದಲ ದಿನ ಕೆಟ್ಟಿತು. ಕಣಜ ಬಂತು, ಮೇಲೆಯೇ ತೂಗಾಡಿತು, ಎರಡೂ ಉಂಗುರಗಳಲ್ಲಿ ಇಳಿಯದೆ ಹೊರಟುಹೋಯಿತು. ಕಾರಣ ಮರುದಿನ ತಿಳಿಯಿತು. ಮಧ್ಯಾಹ್ನ ಮೂರೂವರೆಗೆ ಮಕ್ಕಳ ನೆರಳು ಸಾಲಾಗಿ ಮರಳಿನ ಮೇಲೆ ಬೀಳುತ್ತಿತ್ತು. ನಾವು ನೋಡುತ್ತಿದ್ದೇವೆ ಎಂದುಕೊಂಡಿದ್ದೆವು. ಅದು ನಮ್ಮನ್ನು ನೋಡುತ್ತಿತ್ತು.

ಮಕ್ಕಳಿಗೆ ಆ ದಿನ ಹಾನ್ಸ್ ಎಂಬ ಕುದುರೆಯ ಕಥೆ ಹೇಳಿದೆ. 1904ರ ಬರ್ಲಿನ್‌ನಲ್ಲಿ ಅದು ಲೆಕ್ಕ ಮಾಡುತ್ತದೆ ಎಂದು ಪ್ರಸಿದ್ಧವಾಗಿತ್ತು. ಮೂರಕ್ಕೆ ನಾಲ್ಕು ಕೂಡಿಸು ಎಂದರೆ ಗೊರಸಿನಿಂದ ನೆಲವನ್ನು ಏಳು ಬಾರಿ ಕುಟ್ಟಿ ನಿಲ್ಲಿಸುತ್ತಿತ್ತು. ಒಡೆಯ ಫಾನ್ ಓಸ್ಟನ್ ನಿವೃತ್ತ ಗಣಿತದ ಮೇಷ್ಟ್ರು, ಪ್ರಾಮಾಣಿಕ ಮನುಷ್ಯ, ಮೋಸವೇನೂ ಇರಲಿಲ್ಲ. ಆಸ್ಕರ್ ಫುಂಗ್‌ಸ್ಟ್ ಎಂಬ ಯುವಕ ಎರಡೇ ಬದಲಾವಣೆ ಮಾಡಿದ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿರದ ಹಾಗೆ ಮಾಡಿದ; ಇಲ್ಲವೇ ಕೇಳುವವನು ಕುದುರೆಗೆ ಕಾಣದ ಹಾಗೆ ಮಾಡಿದ. ಹಾನ್ಸ್‌ಗೆ ಲೆಕ್ಕ ತಪ್ಪಿತು. ಸರಿಯಾದ ಸಂಖ್ಯೆ ಬಂದಾಗ ಮನುಷ್ಯನ ತಲೆ ತನಗೇ ತಿಳಿಯದಷ್ಟು ಸಣ್ಣಗೆ ಅಲುಗುತ್ತಿತ್ತು, ಕುದುರೆ ಅದನ್ನು ಓದಿ ಕಾಲನ್ನು ನಿಲ್ಲಿಸುತ್ತಿತ್ತು. ಕಥೆ ಮುಗಿದಾಗ ತರಗತಿ ಸುಮ್ಮನಿತ್ತು. ನಾನೂ ಸುಮ್ಮನಿದ್ದೆ. ನನ್ನ ಹುಬ್ಬು ಏರಿದ್ದನ್ನು ನೋಡಿ ಉತ್ತರ ಬದಲಾಯಿಸಿದ ಎಷ್ಟೋ ಮಕ್ಕಳ ಮುಖಗಳು ಕಣ್ಣ ಮುಂದೆ ಬಂದವು. ಅವರಿಗೆ ಪಾಠ ಬರುತ್ತದೆ ಎಂದುಕೊಂಡು ಅಂಕ ಕೊಟ್ಟಿದ್ದೆ.

ಮೂರನೆಯ ದಿನ ನೆರಳು ಬೀಳದ ಕಡೆ ಕುಳಿತೆವು. ಅಡಿಕೆಯನ್ನು ತ್ರಿಕೋನವಾಗಿ ಬಿಲದ ಸುತ್ತ, ಕಲ್ಲನ್ನು ಉಂಗುರವಾಗಿ ಪಕ್ಕದಲ್ಲಿ ಇಟ್ಟಿದ್ದೆವು. ಕಣಜ ಕಲ್ಲಿನ ನಡುವೆ ಇಳಿಯಿತು. ಆ ಹುಡುಗಿ ಚಪ್ಪಾಳೆ ತಟ್ಟಲಿಲ್ಲ. "ಇನ್ನೊಂದು ಸಲ ನೋಡೋಣ, ಮೇಡಂ" ಎಂದಳು.

ಮರಳು ಮುಗಿದ ವರ್ಷವೇ ನಮ್ಮ ಮನೆಯ ಅಡುಗೆಮನೆ ಕಿಟಕಿಯ ಮೇಲೆ, ಹಂಚಿನ ಸೂರಿನಡಿ, ಬೇರೊಂದು ಜಾತಿಯ ಕಣಜಗಳು ಗೂಡು ಕಟ್ಟಿದವು. ಮರದ ನಾರನ್ನು ಅಗಿದು ಮಾಡಿದ ಬೂದುಬಣ್ಣದ ಕಾಗದದ ಗೂಡು, ಮೇಲೆ ಯಾವ ಹೊದಿಕೆಯೂ ಇಲ್ಲದೆ ತೆರೆದ ಕೋಣೆಗಳು. ಮನೆಯಲ್ಲಿ ಎಲ್ಲರೂ ಹೊಗೆ ಹಾಕಿ ಓಡಿಸು ಎಂದರು. ಫೋಟೊ ತೆಗೆದು ಕೀಟಶಾಸ್ತ್ರ ಬಲ್ಲವರಿಗೆ ಕಳಿಸಿದೆ. ರೋಪಲಿಡಿಯಾ ಮಾರ್ಜಿನೇಟಾ ಎಂದು ಉತ್ತರ ಬಂತು. ಹೊಗೆಯ ಮಾತು ಅಲ್ಲಿಗೇ ನಿಂತಿತು, ಏಕೆಂದರೆ ಈ ಹುಳದ ಹೆಸರು ನನಗೆ ಗೊತ್ತಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಈ ಒಂದು ಕಣಜವನ್ನು ಅಭ್ಯಾಸ ಮಾಡಿದ್ದಾರೆ. ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಅಲ್ಲಿನ ಕಿಟಕಿಗಳಲ್ಲೇ ಅವರಿಗೆ ಅದರ ಪರಿಚಯವಾಯಿತು. ಡಾಕ್ಟರೇಟ್ ಮಾಡಿದ್ದು ಅಣುಜೀವಶಾಸ್ತ್ರದಲ್ಲಿ. ಕಣಜ ನೋಡುವುದು ಆಗ ಹವ್ಯಾಸವಷ್ಟೇ. ಆಮೇಲೆ ಹವ್ಯಾಸವೇ ಬದುಕಾಯಿತು. ವಿಜ್ಞಾನ ಸಂಸ್ಥೆಯಲ್ಲಿ ಕಣಜಗಳಿಗಾಗಿಯೇ ಒಂದು ದೊಡ್ಡ ಜಾಲರಿಯ ಕೋಣೆ ಮಾಡಿದ್ದರು. ಜಾಲರಿಯ ಕಣ್ಣು ಈ ಕಣಜ ಹೋಗಿಬರುವಷ್ಟು ದೊಡ್ಡದು, ಗೂಡನ್ನು ಲೂಟಿ ಮಾಡುವ ಹೆಗ್ಗಡಜ ನುಗ್ಗಲಾರದಷ್ಟು ಸಣ್ಣದು.

ಈ ಜಾತಿಯಲ್ಲಿ ರಾಣಿಗೂ ಕೆಲಸಗಾರರಿಗೂ ನೋಟದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಹಾಗಾಗಿ ಮೊದಲ ಕೆಲಸ ಗುರುತು ಹಾಕುವುದು. ಬೇಗ ಒಣಗುವ ಬಣ್ಣದ ಚುಕ್ಕೆಗಳನ್ನು ಇಟ್ಟು ಪ್ರತಿ ಕಣಜವನ್ನೂ ಬೇರೆಯಾಗಿ ಗುರುತಿಸುತ್ತಾರೆ. ನಾನು ಉಗುರುಬಣ್ಣ ತಂದೆ. ಬೆಳಗಿನ ಚಳಿಯಲ್ಲಿ ಅವು ಮಂಕಾಗಿರುವಾಗ ಹಿಡಿಕಡ್ಡಿಯ ತುದಿಯಿಂದ ಬೆನ್ನಿಗೆ ಚುಕ್ಕೆ ಇಟ್ಟೆ. ಮೂರು ಸಲ ಕುಟುಕಿಸಿಕೊಂಡೆ. ಒಂಬತ್ತು ಕಣಜಗಳಿಗೆ ಗುರುತಾಯಿತು: ಕೆಂಪು, ಬಿಳಿ, ಕೆಂಪು-ಬಿಳಿ, ಹಸಿರು, ಹೀಗೆ. ಅದುವರೆಗೆ 'ಕಣಜಗಳು' ಇದ್ದ ಕಡೆ ಅಂದಿನಿಂದ ಒಂಬತ್ತು ಜೀವಗಳು ಇದ್ದವು. ಗುರುತು ಹಾಕದೆ ನೋಡಿದ ದಿನಗಳನ್ನು ನಾನು ಈಗ ನೋಡಿದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಮೂರು ವಾರ ನೋಡಿ ರಾಣಿ ಯಾವುದು ಎಂದು ತೀರ್ಮಾನಿಸಿಬಿಟ್ಟೆ. ಬಿಳಿ. ಬಂದವರನ್ನೆಲ್ಲ ಕಚ್ಚುವುದು, ಅಟ್ಟುವುದು, ಮೇಲೇರಿ ಒತ್ತಿ ಹಿಡಿಯುವುದು ಅದೇ. ಟಿಪ್ಪಣಿ ಪುಸ್ತಕದಲ್ಲಿ 'ರಾಣಿ' ಎಂದು ಬರೆದು ಅಡಿಗೆರೆ ಎಳೆದೆ.

ಆಮೇಲೆ ಗದಗ್‌ಕರ್ ಅವರ ಕ್ರಮವನ್ನು ಸರಿಯಾಗಿ ಓದಿದೆ. ಎನ್. ವಿ. ಜೋಷಿ ಅವರ ಜೊತೆ 1983ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಒಂದೊಂದು ಕಣಜ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತದೆ ಎಂಬ ಲೆಕ್ಕದಿಂದಲೇ ಅವುಗಳಲ್ಲಿ ಮೂರು ಬಗೆ ಇವೆ ಎಂದು ತೋರಿಸಿದ್ದರು. ಕೂರುವವು, ಜಗಳವಾಡುವವು, ಮೇವು ತರುವವು. ಅಂಥ ಲೆಕ್ಕ ಸಿಗಬೇಕಾದರೆ ಸ್ವಾರಸ್ಯ ಇದ್ದ ಕಡೆ ನೋಡುವ ಹಾಗಿಲ್ಲ. ಯಾವ ಕಣಜವನ್ನು ಯಾವಾಗ ನೋಡಬೇಕು ಎನ್ನುವುದನ್ನು ನಮ್ಮ ಮನಸ್ಸಿಗೆ ಬಿಡದೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಾನು ಒಂಬತ್ತು ಚೀಟಿ ಬರೆದು ಸಾಸಿವೆಯ ಖಾಲಿ ಡಬ್ಬಿಗೆ ಹಾಕಿದೆ. ಒಂದು ಚೀಟಿ ಎತ್ತುವುದು, ಐದು ನಿಮಿಷ ಆ ಒಂದನ್ನೇ ನೋಡುವುದು. ಪಕ್ಕದಲ್ಲಿ ಯುದ್ಧವೇ ನಡೆದರೂ ಕಣ್ಣು ಕದಲಿಸದಿರುವುದು. ಇದು ಎಷ್ಟು ಕಷ್ಟ ಎಂಬುದು ಮಾಡಿ ನೋಡಿದವರಿಗೇ ಗೊತ್ತು. ಕಣ್ಣು ಗಲಾಟೆಯ ಕಡೆಗೆ ತಾನಾಗಿ ಓಡುತ್ತದೆ.

ಎರಡನೆಯ ವಾರ, ಕೆಂಪು-ಬಿಳಿಯ ಚೀಟಿ ಬಂದ ಒಂದು ಮಧ್ಯಾಹ್ನ. ಅದರ ಬಗ್ಗೆ ನನ್ನ ಪುಸ್ತಕದಲ್ಲಿ ಅದುವರೆಗೆ ಒಂದೇ ಮಾತು ಇತ್ತು: 'ಕೂತಿದೆ'. ಆ ದಿನ ಅದು ಎದ್ದು, ಖಾಲಿ ಕೋಣೆಗಳಿಗೆ ತಲೆ ಹಾಕಿ ನೋಡುತ್ತ ಹೋಗಿ, ಒಂದರಲ್ಲಿ ಹೊಟ್ಟೆಯ ತುದಿಯನ್ನು ಇಳಿಬಿಟ್ಟು ಹಲವು ನಿಮಿಷ ಅಲುಗದೆ ನಿಂತಿತು. ಅದು ಸರಿದ ಮೇಲೆ ಟಾರ್ಚು ಹಿಡಿದು ನೋಡಿದೆ. ಕೋಣೆಯ ತಳದಲ್ಲಿ ಬೆಳ್ಳಗಿನ ಒಂದು ಮೊಟ್ಟೆ ಅಂಟಿಕೊಂಡಿತ್ತು. ರಾಣಿ ಅದು. ಯಾರನ್ನೂ ಕಚ್ಚದ, ಯಾರ ಮೇಲೂ ಏರಿಹೋಗದ ಕೆಂಪು-ಬಿಳಿ.

ಇದು ಈ ಜಾತಿಯ ವಿಶೇಷ. ಇದರ ಹತ್ತಿರದ ಬಂಧು ರೋಪಲಿಡಿಯಾ ಸಯಾಥಿಫಾರ್ಮಿಸ್‌ನಲ್ಲಿ ರಾಣಿಯೇ ದಬ್ಬಾಳಿಕೆಯವಳು. ಮಾರ್ಜಿನೇಟಾದ ರಾಣಿ ಸೌಮ್ಯ. ರಾಣಿ ಎಂಬ ನಮ್ಮ ಶಬ್ದವೇ ನನ್ನನ್ನು ದಾರಿ ತಪ್ಪಿಸಿತ್ತು. ಆ ಶಬ್ದದ ಜೊತೆ ಸಿಂಹಾಸನ, ಅಧಿಕಾರ, ಗದರಿಕೆ ಎಲ್ಲವನ್ನೂ ನಾನು ಗೂಡಿನ ಮೇಲೆ ಹೊರಿಸಿದ್ದೆ. ಭ್ರಮರ-ಕೀಟದ ಕಥೆಯಲ್ಲಿ ಆದದ್ದೂ ಇದೇ ಅಲ್ಲವೇ?

ಸೌಮ್ಯ ರಾಣಿ ಗೂಡನ್ನು ಹೇಗೆ ಆಳುತ್ತದೆ? ವಿಜ್ಞಾನ ಸಂಸ್ಥೆಯವರು ಅದನ್ನು ಕೇಳಿದ ರೀತಿ ನನಗೆ ಬಹಳ ಹಿಡಿಸಿತು. ಗೂಡನ್ನು ಎರಡಾಗಿ ಮಾಡಿ ನಡುವೆ ತಂತಿಯ ಜಾಲರಿ ನಿಲ್ಲಿಸಿದರು. ರಾಣಿ ಒಂದು ಕಡೆ, ಕೆಲಸಗಾರರು ಎರಡೂ ಕಡೆ. ರಾಣಿಯಿಲ್ಲದ ಕಡೆ ಒಂದು ಕಣಜ ಇದ್ದಕ್ಕಿದ್ದಂತೆ ರೊಚ್ಚಿಗೆದ್ದು ಎಲ್ಲರನ್ನೂ ಅಟ್ಟಾಡಿಸತೊಡಗಿತು. ಗಾಳಿಯಲ್ಲಿ ಹರಡುವ ವಾಸನೆಯಿಂದ ರಾಣಿಯ ಇರವು ತಿಳಿಯುವುದಾಗಿದ್ದರೆ ಜಾಲರಿ ಅದನ್ನು ತಡೆಯುತ್ತಿರಲಿಲ್ಲ. ಆದ್ದರಿಂದ ಸಂದೇಶ ಗಾಳಿಯಲ್ಲಿಲ್ಲ, ಮುಟ್ಟಿ ತಿಳಿಯುವ ಕಡೆ ಇರಬೇಕು. ರಾಣಿ ಆಗಾಗ ಹೊಟ್ಟೆಯ ತುದಿಯನ್ನು ಗೂಡಿನ ಮೈಗೆ ಉಜ್ಜುತ್ತ ಓಡಾಡುತ್ತದೆ. ಅಲ್ಲಿರುವ ಡುಫೋರ್ ಗ್ರಂಥಿಯ ಸಾರವನ್ನು ತೆಗೆದು ರಾಣಿಯಿಲ್ಲದ ಗೂಡಿಗೆ ಸವರಿದಾಗ ರೊಚ್ಚು ಇಳಿಯಿತು.

ರಾಣಿ ಹೋದರೆ ಹೀಗೆ ರೊಚ್ಚಿಗೇಳುವ ಆ ಒಂದು ಕಣಜವೇ ಮುಂದಿನ ರಾಣಿ. ರ‍ಾಣಿ ಮರಳಿದರೆ ಅದು ಮತ್ತೆ ಸಾಮಾನ್ಯ ಕೆಲಸಗಾರ. ಮರಳದಿದ್ದರೆ ವಾರದ ಆಸುಪಾಸಿನಲ್ಲಿ ಮೊಟ್ಟೆ ಇಡುತ್ತದೆ, ಜಗಳವನ್ನು ಕ್ರಮೇಣ ಬಿಟ್ಟು ತಾನೂ ಸೌಮ್ಯವಾಗುತ್ತದೆ. ಇದು ಯಾವ ಕಣಜ ಎಂದು ನೋಡುವ ಮನುಷ್ಯರಿಗೆ ಮೊದಲೇ ಹೇಳಲು ಆಗುವುದಿಲ್ಲ. ಕಣಜಗಳಿಗೆ ಗೊತ್ತಿರುತ್ತದೆಯೇ? ಅನಿಂದಿತಾ ಭದ್ರ ಮತ್ತು ಗದಗ್‌ಕರ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ. ಜಾಲರಿಯ ಗೂಡಿನಲ್ಲಿ ರೊಚ್ಚಿಗೆದ್ದ ಕಣಜವನ್ನೂ ರಾಣಿಯನ್ನೂ ಅದಲುಬದಲು ಮಾಡಿದರು. ಕೆಲವು ಗೂಡುಗಳಲ್ಲಿ ಅದೇ ಕಣಜ, ರಾಣಿ ಮೊದಲಿದ್ದ ಈ ಕಡೆಯಲ್ಲೂ ಮುಂದಾಳಾಗಿ ಉಳಿಯಿತು. ಇನ್ನು ಕೆಲವು ಗೂಡುಗಳಲ್ಲಿ ಈ ಕಡೆಯ ಬೇರೊಂದು ಕಣಜ ಎದ್ದು ನಿಂತಿತು, ಮೊದಲನೆಯದು ತಣ್ಣಗಾಯಿತು. ನಿಜವಾದ ಉತ್ತರಾಧಿಕಾರಿ ಇಷ್ಟು ಹೊತ್ತೂ ರಾಣಿಯ ಪಕ್ಕದಲ್ಲೇ ಸುಮ್ಮನೆ ಕುಳಿತಿತ್ತು. ಅದರ ಸರದಿಯನ್ನು ಉಳಿದವು ಒಪ್ಪಿಕೊಂಡವು. ನಮಗೆ ಕಾಣದ ಸಾಲೊಂದು ಅವುಗಳಿಗೆ ಗೊತ್ತಿದೆ.

ಇದನ್ನು ಓದಿ ನಾನು ಬಹಳ ದಿನ ಅಳುಕಿದೆ. ಕೊನೆಗೆ ದೀಪಾವಳಿ ರಜೆಯಲ್ಲಿ, ಒಂದು ದಿನಕ್ಕೆ ಮಾತ್ರ ಎಂದುಕೊಂಡು, ಬೆಳಗ್ಗೆ ಏಳು ಗಂಟೆಗೆ ಕೆಂಪು-ಬಿಳಿಯನ್ನು ಗಾಜಿನ ಶೀಶೆಗೆ ತೆಗೆದುಕೊಂಡೆ. ಒಳಗೆ ಸಕ್ಕರೆ ನೀರಿನ ಹತ್ತಿ ಇಟ್ಟು, ಶೀಶೆಯನ್ನು ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಟ್ಟೆ. ಬಿಳಿಯೇ ಏಳುತ್ತದೆ ಎಂದು ಮೊದಲೇ ಪುಸ್ತಕದಲ್ಲಿ ಬರೆದು ದಿನಾಂಕ ಹಾಕಿದ್ದೆ. ಅರ್ಧ ಗಂಟೆ ಗೂಡು ಎಂದಿನಂತೆಯೇ ಇತ್ತು. ಆಮೇಲೆ ಹಸಿರು ಎದ್ದಿತು. ಮೂರು ವಾರಗಳಲ್ಲಿ ಎರಡು ಸಲ ನೀರು ತಂದದ್ದು ಬಿಟ್ಟರೆ ಅದರ ಬಗ್ಗೆ ನಾನು ಏನನ್ನೂ ಬರೆದಿರಲಿಲ್ಲ. ಅದು ಬಿಳಿಯ ಮೇಲೆರಗಿತು, ನೀಲಿಯನ್ನು ಅಟ್ಟಿತು, ಮತ್ತೆ ಬಿಳಿಯ ಮೇಲೆರಗಿತು. ಗಲಾಟೆಯ ಬಿಳಿ ತಲೆ ತಗ್ಗಿಸಿ ಕುಳಿತಿತು.

ಸಂಜೆ ಐದಕ್ಕೆ ರಾಣಿಯನ್ನು ಹಿಂದಕ್ಕೆ ಬಿಟ್ಟೆ. ಅದು ಗೂಡಿಗೆ ಇಳಿದು, ಹೊಟ್ಟೆಯನ್ನು ಉಜ್ಜುತ್ತ ಒಂದು ಸುತ್ತು ನಡೆಯಿತು. ಯಾರೊಂದಿಗೂ ಕಾದಾಡಲಿಲ್ಲ. ಕತ್ತಲಾಗುವ ಹೊತ್ತಿಗೆ ಹಸಿರು ಗೂಡಿನ ಅಂಚಿಗೆ ಸರಿದು ತನ್ನ ಹಳೆಯ ಜಾಗದಲ್ಲಿ ಕುಳಿತಿತ್ತು. ಮತ್ತೊಂದು ಸಲ ತೆಗೆಯಬೇಕು, ಬೇರೆಯದು ಏಳುತ್ತದೆಯೋ ನೋಡಬೇಕು ಎಂದು ಕೈ ತುಡಿಯಿತು. ತೆಗೆಯಲಿಲ್ಲ. ಈ ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಕೇಳಿದವರಿದ್ದಾರೆ, ಉತ್ತರವೂ ಅಚ್ಚಾಗಿದೆ. ಒಂದರಿಂದ ತಿಳಿಯಿತಲ್ಲ ಎಂದ ಅಜ್ಜನ ಮಾತು ನೆನಪಾಯಿತು.

ರಜೆ ಮುಗಿದ ಮೇಲೆ ಶಾಲೆಗೆ ಸಾಸಿವೆ ಡಬ್ಬಿಯನ್ನೇ ಒಯ್ದೆ. ಈಗ ಅದರಲ್ಲಿ ನಲವತ್ತೊಂದು ಚೀಟಿಗಳಿವೆ, ತರಗತಿಯ ನಲವತ್ತೊಂದು ಹೆಸರುಗಳು. ಪ್ರಶ್ನೆ ಕೇಳುವ ಮುನ್ನ ಒಂದು ಚೀಟಿ ಎತ್ತುತ್ತೇನೆ, ಉತ್ತರ ಬರುವವರೆಗೆ ಹಲಗೆಯ ಕಡೆ ತಿರುಗಿ ನಿಲ್ಲುತ್ತೇನೆ. ಮೊದಮೊದಲು ಬಹಳ ಹೊತ್ತು ಮೌನವಿರುತ್ತಿತ್ತು.

ಕಲ್ಲು ತಂದ ಹುಡುಗಿ ಈಗ ಹತ್ತನೆಯ ತರಗತಿ. ಕಳೆದ ವಾರ ಅವಳು ತನ್ನ ಟಿಪ್ಪಣಿ ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಅವರ ಕೊಟ್ಟಿಗೆಯ ಗೋಡೆಯಲ್ಲಿ ಕುಂಬಾರ ಹುಳ ಗೂಡು ಕಟ್ಟುತ್ತಿದೆಯಂತೆ. ಪುಟದ ತುಂಬ ಗಂಟೆ ನಿಮಿಷಗಳು. ಕೊನೆಯ ಸಾಲುಗಳು ಹೀಗಿದ್ದವು: "8:10. ಹಸಿರು ಹುಳ ತಂದಿತು. ಇದು ಐದನೆಯದು. 8:26. ಅದು ಹೋದ ಮೇಲೆ ಮಡಕೆಯೊಳಗಿಂದ ಒಂದು ಹುಳವನ್ನು ತೆಗೆದೆ. 9:02. ಮತ್ತೆ ಬಂದಿತು. ಬಾಯಿಯೊಳಗೆ ತಲೆ ಹಾಕಿ ನೋಡಿತು. ಎಣಿಸುತ್ತದೆಯೋ ಇಲ್ಲವೋ ನಾಳೆ ನೋಡಬೇಕು."